ಮುಚ್ಚಿದ ಕ್ಯಾಸಿನೋದ ಬಿಲ್ಲೆಗೆ ಬೆಲೆ ಬರುವುದು ಎಲ್ಲಿಂದ?

ಲಾಸ್ ವೇಗಸ್‌ನ ಸ್ಟಾರ್‌ಡಸ್ಟ್ ಕ್ಯಾಸಿನೋ 1958ರಿಂದ 2006ರ ನವೆಂಬರ್ 1ರವರೆಗೆ ನಡೆಯಿತು. ಅದೇ ಊರಿನ ಮೂಲಾ ರೂಜ್ 1955ರ ಮೇ ತಿಂಗಳಲ್ಲಿ ತೆರೆದು ಆ ವರ್ಷ ಮುಗಿಯುವ ಮೊದಲೇ ಬಾಗಿಲು ಹಾಕಿತು. ಬಿಳಿಯರಿಗೂ ಕರಿಯರಿಗೂ ಒಂದೇ ಮೇಜಿನಲ್ಲಿ ಜಾಗ ಕೊಟ್ಟ ಆ ಊರಿನ ಮೊದಲ ದೊಡ್ಡ ಕ್ಯಾಸಿನೋ ಅದು. ಇವತ್ತು ಎರಡೂ ಇಲ್ಲ. ಆದರೂ ಸ್ಟಾರ್‌ಡಸ್ಟ್‌ನ ಒಂದು ಡಾಲರ್ ಚಿಪ್, ಅಂದರೆ ಜೂಜಿನ ಮೇಜಿನಲ್ಲಿ ಹಣದ ಬದಲು ಇಡುವ ಬಿಲ್ಲೆ, ಕೆಲವೇ ಡಾಲರಿಗೆ ಸಿಗುತ್ತದೆ, ಮೂಲಾ ರೂಜ್‌ನ ಚಿಪ್‌ಗಳು ಮಾರಾಟಕ್ಕೆ ಬರುವುದೇ ಅಪರೂಪ.

ಚಿಪ್ ಸಂಗ್ರಹಿಸಲು ಹೊರಟ ಹೊಸಬರು ಎಡವುವುದು ಇಲ್ಲಿಯೇ. ಕ್ಯಾಸಿನೋ ಮುಚ್ಚಿತು, ಇನ್ನು ಅದರ ಚಿಪ್‌ಗಳಿಗೆ ಚಿನ್ನದ ಬೆಲೆ ಎಂದುಕೊಂಡು ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳುತ್ತಾರೆ. ಮುಚ್ಚಿದ್ದರಿಂದಷ್ಟೇ ಬೆಲೆ ಬರುವುದಿಲ್ಲ. ಮುಚ್ಚಿದ ಮೇಲೆ ಹೊರಗೆ ಎಷ್ಟು ಉಳಿದವು ಎಂಬುದರಿಂದ ಬರುತ್ತದೆ. ಎಷ್ಟು ಉಳಿದವು ಎಂಬುದು ಆ ಕ್ಯಾಸಿನೋ ಹೇಗೆ ಮುಚ್ಚಿತು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಮೊದಲು ಮುಚ್ಚಿದ ಕಥೆ ತಿಳಿದುಕೊಳ್ಳಬೇಕು, ಬಿಲ್ಲೆಯನ್ನು ಆಮೇಲೆ ನೋಡಬೇಕು.

ಬಾಗಿಲು ಮುಚ್ಚುವಾಗ ಏನಾಗುತ್ತದೆ

ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಜೂಜು ನಿಯಮಗಳ ಪ್ರಕಾರ ಚಿಪ್ ಎಂದರೆ ಹಣವಲ್ಲ, ಸಾಲಪತ್ರ. ಅದನ್ನು ಹಿಡಿದವನಿಗೆ ಕ್ಯಾಸಿನೋ ಅಷ್ಟು ದುಡ್ಡು ಕೊಡಬೇಕು ಎಂಬುದಕ್ಕೆ ಗುರುತು. ಬಿಲ್ಲೆ ಮಾತ್ರ ಯಾವಾಗಲೂ ಕ್ಯಾಸಿನೋದ ಆಸ್ತಿಯೇ. ಹಾಗಾಗಿ ಕ್ಯಾಸಿನೋ ನಿಲ್ಲುವಾಗ ಹೊರಗಿರುವ ಚಿಪ್‌ಗಳನ್ನು ಹಿಂದಕ್ಕೆ ಪಡೆದು ದುಡ್ಡು ಕೊಡುವ ಯೋಜನೆಯನ್ನು ಸರ್ಕಾರಿ ನಿಯಂತ್ರಕರಿಗೆ ಸಲ್ಲಿಸಬೇಕು, ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಆಟ ನಿಂತ ಮೇಲೆ ಕನಿಷ್ಠ 120 ದಿನ ಚಿಪ್‌ಗಳನ್ನು ನಗದು ಮಾಡಿಕೊಳ್ಳಲು ಅವಕಾಶ ಇರಬೇಕು. ಆ ಗಡುವು ದಾಟಿದ ಬಿಲ್ಲೆ ಹಣವಾಗಿ ಸತ್ತಂತೆ. ಸಂಗ್ರಾಹಕರ ಮಟ್ಟಿಗೆ ಅದರ ಬದುಕು ಶುರುವಾಗುವುದೇ ಆಗ.

ಹಿಂದೆ ಬಂದ ಚಿಪ್‌ಗಳನ್ನು ಈಗ ಪುಡಿಮಾಡಿಯೋ ಕತ್ತರಿಸಿಯೋ ನಾಶ ಮಾಡುತ್ತಾರೆ. ಹಳೆಯ ಕಾಲದಲ್ಲಿ ಇಷ್ಟು ಕಟ್ಟುನಿಟ್ಟು ಇರಲಿಲ್ಲ. ಹೊಸ ಕಟ್ಟಡದ ಅಡಿಪಾಯದ ಕಾಂಕ್ರೀಟಿಗೆ ಸುರಿದದ್ದುಂಟು, ಮರುಭೂಮಿಯಲ್ಲಿ ಹೂತದ್ದುಂಟು. ಮುಂದೆಂದೋ ಅಗೆದಾಗ ಅವು ಮೇಲೆ ಬರುತ್ತವೆ. ಅಂಚಿನಲ್ಲಿ ಸಿಮೆಂಟು ಕಚ್ಚಿಕೊಂಡ ಚಿಪ್ ಕಂಡರೆ ಅದನ್ನು ಕೆರೆದು ತೆಗೆಯಲು ಹೋಗಬೇಡಿ. ಅದು ಎಲ್ಲಿಂದ ಬಂತು ಎಂಬುದಕ್ಕೆ ಆ ಸಿಮೆಂಟೇ ಸಾಕ್ಷಿ.

ಇಷ್ಟು ತಿಳಿದರೆ ಮುಖಬೆಲೆಯ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಡಾಲರಿನದನ್ನು ಜನ ನೆನಪಿಗೆಂದು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಐದರದ್ದನ್ನೂ ಒಂದಷ್ಟು ಜನ ಇಟ್ಟುಕೊಳ್ಳುತ್ತಾರೆ. 25ರದ್ದು ಕಡಿಮೆ. ನೂರರದ್ದನ್ನು ನಗದು ಮಾಡಿಕೊಳ್ಳದೆ ಬಿಡುವವರು ಯಾರು? ಹೀಗಾಗಿ ಒಂದೇ ಕ್ಯಾಸಿನೋದ, ಒಂದೇ ವರ್ಷದ ಮುದ್ರಣದಲ್ಲಿ ಸಾಮಾನ್ಯವಾಗಿ ನೂರು ಡಾಲರಿನದು ಒಂದರದ್ದಕ್ಕಿಂತ ಬಹಳ ವಿರಳ. ಈ ನಿಯಮ ಮುರಿಯುವುದು ಎರಡು ಸಂದರ್ಭದಲ್ಲಿ. ನಾಶಕ್ಕೆಂದು ಕಳಿಸಿದ ಪೆಟ್ಟಿಗೆಯೇ ಕಳವಾಗಿ ಹೊರಬಂದರೆ ದೊಡ್ಡ ಮುಖಬೆಲೆಯವೂ ಮಾರುಕಟ್ಟೆಯಲ್ಲಿ ರಾಶಿ ಬೀಳುತ್ತವೆ. ನ್ಯೂಜೆರ್ಸಿ ರಾಜ್ಯದ ಅಟ್ಲಾಂಟಿಕ್ ಸಿಟಿಯ ಪ್ಲೇಬಾಯ್ ಕ್ಯಾಸಿನೋದ ಚಿಪ್‌ಗಳಿಗೆ ಆದದ್ದು ಹೀಗೆಯೇ. ಕ್ಯಾಸಿನೋ ತೀರ ಚಿಕ್ಕದಾಗಿದ್ದು ಚಿಪ್‌ಗಳನ್ನು ಮಾಡಿಸಿದ್ದೇ ಕಡಿಮೆಯಾಗಿದ್ದರೆ ಸಣ್ಣ ಮುಖಬೆಲೆಯವೂ ಸಿಗುವುದಿಲ್ಲ. ಲಾಸ್ ವೇಗಸ್‌ನ ಫ್ರೀಮಾಂಟ್ ಬೀದಿಯ ಗೋಲ್ಡನ್ ಗೂಸ್ ಎಂಬ ಪುಟ್ಟ ಕ್ಯಾಸಿನೋದ ಐದು ಡಾಲರ್ ಚಿಪ್ 2014ರಲ್ಲಿ 75,000 ಡಾಲರಿಗೆ ಹೋದದ್ದು ಇದಕ್ಕೇ.

ಈಚೆಗೆ ಮುಚ್ಚಿದವು ಇದಕ್ಕೆ ತದ್ವಿರುದ್ಧ. ಲಾಸ್ ವೇಗಸ್‌ನ ಟ್ರಾಪಿಕಾನಾ 2024ರ ಏಪ್ರಿಲ್ 2ರಂದು, ಮಿರಾಜ್ ಅದೇ ವರ್ಷದ ಜುಲೈ 17ರಂದು ಮುಚ್ಚಿದವು. ದಿನಾಂಕ ಮೊದಲೇ ಗೊತ್ತಿತ್ತು. ಕೊನೆಯ ವಾರಗಳಲ್ಲಿ ನೆನಪಿನ ಕಾಣಿಕೆಯೆಂದು ಜನ ಮುಗಿಬಿದ್ದು ಸಣ್ಣ ಚಿಪ್‌ಗಳನ್ನು ಒಯ್ದರು. ಇವು ಇಷ್ಟವಾದರೆ ಕೊಳ್ಳಿ, ಬೆಲೆ ಏರುತ್ತದೆಂದು ಕೊಳ್ಳಬೇಡಿ. ಅಟ್ಲಾಂಟಿಕ್ ಸಿಟಿಯ ರೆವೆಲ್ 2012ರ ಏಪ್ರಿಲ್‌ನಲ್ಲಿ ತೆರೆದು 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಅಲ್ಪಾಯುಷಿ ನಿಜ, ಆದರೆ ದೊಡ್ಡ ಕ್ಯಾಸಿನೋ, ಲಕ್ಷಾಂತರ ಜನ ಬಂದುಹೋದದ್ದು. ಆಯಸ್ಸು ಕಡಿಮೆಯಾದ ಮಾತ್ರಕ್ಕೆ ಅದು ಮೂಲಾ ರೂಜ್ ಆಗುವುದಿಲ್ಲ.

ಹೆಸರು ಒಂದೇ, ಕ್ಯಾಸಿನೋ ಬೇರೆ

ಟ್ರಾಪಿಕಾನಾ ಮುಚ್ಚಿತು ಅಂದೆವಲ್ಲ, ಅದು ಲಾಸ್ ವೇಗಸ್‌ನದು. ಅಟ್ಲಾಂಟಿಕ್ ಸಿಟಿಯ ಟ್ರಾಪಿಕಾನಾ ಬೇರೆಯೇ, ನಡೆಯುತ್ತಲೇ ಇದೆ. ಅದರ ಚಿಪ್ ಇನ್ನೂ ಚಾಲ್ತಿಯಲ್ಲಿರುವ ಚಿಪ್. ಸ್ಯಾಂಡ್ಸ್ ಹೆಸರಿನವೂ ಹಲವು ಇದ್ದವು: ಲಾಸ್ ವೇಗಸ್‌ನದು 1952ರಲ್ಲಿ ತೆರೆದು 1996ರಲ್ಲಿ ಮುಚ್ಚಿತು, ಅಟ್ಲಾಂಟಿಕ್ ಸಿಟಿಯದು 2006ರಲ್ಲಿ ಮುಚ್ಚಿತು, ನೆವಾಡಾದ ರೀನೋ ಊರಿನದು ಮತ್ತೊಂದು. ಅಲಾದಿನ್ ಇನ್ನೂ ಗೊಂದಲ. 1966ರ ಹಳೆಯ ಅಲಾದಿನ್ 1997ರಲ್ಲಿ ಮುಚ್ಚಿ, ಮರುವರ್ಷ ನೆಲಸಮವಾಗಿ, ಅದೇ ಜಾಗದಲ್ಲಿ 2000ದಲ್ಲಿ ಹೊಸ ಅಲಾದಿನ್ ಎದ್ದು, 2007ರಲ್ಲಿ ಪ್ಲಾನೆಟ್ ಹಾಲಿವುಡ್ ಎಂದು ಹೆಸರು ಬದಲಿಸಿತು. ಹಾಗಾಗಿ ಬಿಲ್ಲೆಯ ಮೇಲೆ ಹೆಸರಿಗಿಂತ ಮೊದಲು ಊರನ್ನು ಓದಿ. ನೆವಾಡಾದ ಈಗಿನ ನಿಯಮದಂತೆ ಕ್ಯಾಸಿನೋದ ಹೆಸರು, ಊರು, ರಾಜ್ಯ, ಮುಖಬೆಲೆ, ತಯಾರಕರ ಹೆಸರು ಅಥವಾ ಗುರುತು ಇರಲೇಬೇಕು. ಹಳೆಯವುಗಳಲ್ಲಿ ಎರಡು ಅಕ್ಷರದ ಮೊನೊಗ್ರಾಮ್ ಬಿಟ್ಟು ಬೇರೇನೂ ಇಲ್ಲದಿರಬಹುದು. ಅಂಥವನ್ನು ಪತ್ತೆ ಹಚ್ಚಲು ತಯಾರಕರ ಹಳೆಯ ಆರ್ಡರ್ ದಾಖಲೆಗಳೇ ಗತಿ. ಮೊದಲ ಒಂದೆರಡು ವರ್ಷ ಅವುಗಳ ಹತ್ತಿರ ಸುಳಿಯದಿರುವುದು ಜಾಣತನ.

ಬಿಲ್ಲೆಯನ್ನು ಕೈಗೆತ್ತಿಕೊಂಡಾಗ

ಬೇಕಾದ ಉಪಕರಣ ನಾಲ್ಕು: 0.01 ಗ್ರಾಂವರೆಗೆ ತೋರಿಸುವ ಜೇಬುತಕ್ಕಡಿ, ವ್ಯಾಸ, ದಪ್ಪ ಅಳೆಯುವ ಡಿಜಿಟಲ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, 365 ನ್ಯಾನೊಮೀಟರ್‌ನ ಯುವಿ (ನೇರಳಾತೀತ) ಟಾರ್ಚ್. ಆಭರಣದಂಗಡಿಗೆ ಸಾಮಾನು ಪೂರೈಸುವವರ ಬಳಿ ನಾಲ್ಕೂ ಸಿಗುತ್ತವೆ.

ನೆವಾಡಾದ ನಿಯಮಿತ ಅಳತೆ 1.55 ಇಂಚು ವ್ಯಾಸ, 0.130 ಇಂಚು ದಪ್ಪ. ಅಂದರೆ 39.4 ಮಿ.ಮೀ. ಮತ್ತು 3.3 ಮಿ.ಮೀ. ಬ್ಯಾಕರಾ ಎಂಬ ಇಸ್ಪೀಟು ಆಟದ ಮೇಜಿನವು ಮಾತ್ರ 42.9 ಮಿ.ಮೀ. ವ್ಯಾಸದವೂ ಇರಬಹುದು. 20 ಬಿಲ್ಲೆ ಒಂದರ ಮೇಲೊಂದು ಇಟ್ಟರೆ 66 ಮಿ.ಮೀ. ಎತ್ತರ ಬರಬೇಕು. ಚೆನ್ನಾಗಿ ಸವೆದ ರಾಶಿ ಅದಕ್ಕಿಂತ ತುಸು ಕುಳ್ಳಗಿರುತ್ತದೆ. ತೂಕ ಸಾಮಾನ್ಯವಾಗಿ ಎಂಟೂವರೆಯಿಂದ ಹತ್ತು ಗ್ರಾಂ. ಅಂಗಡಿಯಲ್ಲಿ ಪೋಕರ್ ಸೆಟ್ ಎಂದು ಮಾರುವ, ಒಳಗೆ ಕಬ್ಬಿಣದ ಬಿಲ್ಲೆ ತುಂಬಿದ 11.5 ಅಥವಾ 14 ಗ್ರಾಂನ ಚಿಪ್‌ಗಳಿಗೂ ಇವಕ್ಕೂ ಸಂಬಂಧವಿಲ್ಲ. ಒಂದು ಆಯಸ್ಕಾಂತ ಹಿಡಿದರೆ ಅವು ಅಂಟಿಕೊಳ್ಳುತ್ತವೆ. ಆದರೆ ನಡುವೆ ಲೋಹದ ನಾಣ್ಯ ಕೂರಿಸಿದ ಅಸಲಿ ಕ್ಯಾಸಿನೋ ಚಿಪ್‌ಗಳೂ ಇವೆ. ಬಡ್ ಜೋನ್ಸ್ ಕಂಪನಿಯವು ಅದಕ್ಕೆ ಹೆಸರುವಾಸಿ. ಆದ್ದರಿಂದ ಆಯಸ್ಕಾಂತವೊಂದರಿಂದಲೇ ತೀರ್ಪು ಕೊಡಬಾರದು.

ಕ್ಲೇ ಚಿಪ್ ಎಂದು ಕರೆದರೂ ಅದು ಬರಿ ಜೇಡಿಮಣ್ಣಲ್ಲ. ರಾಳ, ಖನಿಜದ ಪುಡಿ, ಬಣ್ಣ ಬೆರೆಸಿ ಬಿಸಿ ಅಚ್ಚಿನಲ್ಲಿ ಭಾರಿ ಒತ್ತಡದಲ್ಲಿ ಒತ್ತಿದ್ದು. ಪಾಲ್ಸನ್ ಎಂಬ ಕಂಪನಿಯ ಹಳೆಯ ಚಿಪ್‌ಗಳಲ್ಲಿ ತೂಕಕ್ಕೆಂದು ಸೀಸ ಬೆರೆಸಿದ್ದರು. ಹತ್ತು ಗ್ರಾಂ ದಾಟಿದ ಹಳೆಯ ಪಾಲ್ಸನ್ ಕಂಡರೆ ಸೀಸ ಇದೆಯೆಂದೇ ತಿಳಿದು, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಕ್ಕಳ ಕೈಗೆ ಕೊಡಬೇಡಿ.

ಬಿಲ್ಲೆಯ ಹೊರ ಅಂಚಿನ ಸುತ್ತ, ಮುಖದ ಮೇಲೆ, ಅಚ್ಚಿನಿಂದ ಮೂಡಿದ ಸಣ್ಣ ಚಿತ್ರಗಳಿರುತ್ತವೆ. ಇದೇ ತಯಾರಕರ ಸಹಿ. ಟೋಪಿ ಮತ್ತು ಊರುಗೋಲು ಇದ್ದರೆ ಪಾಲ್ಸನ್. ಕುದುರೆ ತಲೆ ಇದ್ದರೆ ಬರ್ಟ್ ಕಂಪನಿ. ಕಿರೀಟ, ಬೀಗದ ಕೈ ಇದ್ದರೆ ಟಿ.ಆರ್. ಕಿಂಗ್. ಅಚ್ಚಿನಿಂದ ಕಾಲವನ್ನೂ ಗುರುತಿಸಬಹುದು. ಪಾಲ್ಸನ್ ಸಂಸ್ಥೆ ಶುರುವಾದದ್ದೇ 1963ರಲ್ಲಿ. ಹಾಗಾಗಿ 1955ರ ಕ್ಯಾಸಿನೋದ್ದೆಂದು ಯಾರಾದರೂ ಟೋಪಿ-ಊರುಗೋಲಿನ ಚಿಪ್ ತೋರಿಸಿದರೆ ಮಾತು ಮುಂದುವರಿಸಬೇಕಿಲ್ಲ.

ನಡುವಿನ ಬರಹ ಎರಡು ಬಗೆ. ಒಂದು ಹಾಟ್ ಸ್ಟ್ಯಾಂಪ್: ಚಿನ್ನದ ಅಥವಾ ಬೆಳ್ಳಿಯ ಬಣ್ಣದ ತೆಳುಹಾಳೆಯನ್ನು ಕಾದ ಮುದ್ರೆಯಿಂದ ಒತ್ತಿದ್ದು. ಇನ್ನೊಂದು ಇನ್‌ಲೇ: ಮುದ್ರಿತ ಕಾಗದದ ದುಂಡನ್ನು ಬಿಲ್ಲೆ ಒತ್ತುವಾಗಲೇ ಒಳಗೆ ಕೂರಿಸಿದ್ದು. ಇನ್‌ಲೇ ಕೆಲವದರಲ್ಲಿ ಯುವಿ ಬೆಳಕಿಗೆ ಗುಪ್ತ ಅಕ್ಷರ ಮೂಡುತ್ತದೆ. ಮೂಡದಿದ್ದರೆ ನಕಲಿ ಎಂದಲ್ಲ. ಆ ಶಾಯಿ ಎಲ್ಲ ಕಾಲದ, ಎಲ್ಲ ಕ್ಯಾಸಿನೋದ ಚಿಪ್‌ನಲ್ಲಿ ಇರಲಿಲ್ಲ.

ಸ್ಥಿತಿ ಅಳೆಯುವುದು ಮುಖದ ಮೇಲಿನ ಹೆಣಿಗೆಯಿಂದ. ಹೊಸ ಕ್ಲೇ ಚಿಪ್ ಅನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಚಾಪೆಯ ನೇಯ್ಗೆಯಂಥ ಅಡ್ಡಗೀರುಗಳು ಕಾಣುತ್ತವೆ. ಆಡಿ ಆಡಿ ಮೊದಲು ಮಾಯವಾಗುವುದು ಇವೇ. ಆಮೇಲೆ ಅಂಚಿನ ಮೂಲೆ ದುಂಡಗಾಗುತ್ತದೆ, ಕೊನೆಗೆ ಅಚ್ಚಿನ ಚಿತ್ರಗಳು ಮಸುಕಾಗುತ್ತವೆ. ಎರಡೂ ಮುಖದಲ್ಲಿ ಹೆಣಿಗೆ ಪೂರ್ತಿ ಇದ್ದು ಅಂಚು ಚೂಪಾಗಿದ್ದರೆ ಬಳಸದ್ದು. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಬೆಲೆ ಅರ್ಧಕ್ಕೂ ಕೆಳಗಿಳಿಯಬಹುದು. ಅದೇ ಮೂಲಾ ರೂಜ್‌ನಂಥ ಚಿಪ್‌ಗೆ ಚಕ್ಕೆಯನ್ನು ಯಾರೂ ಲೆಕ್ಕಿಸುವುದಿಲ್ಲ.

ಮೋಸ ಹೇಗೆ ಮಾಡುತ್ತಾರೆ

ನೇರ ನಕಲಿಗಿಂತ ಹೆಚ್ಚು ತಲೆನೋವು ಕೊಡುವುದು ಅಸಲಿ ಬಿಲ್ಲೆಯ ಮೇಲಿನ ಸುಳ್ಳು ಬರಹ. ಯಾವುದೋ ಅಗ್ಗದ ಅಸಲಿ ಪಾಲ್ಸನ್ ಚಿಪ್ ತೆಗೆದು, ನಡುವಿನ ಇನ್‌ಲೇಯನ್ನು ಯಂತ್ರದಲ್ಲಿ ಕೆತ್ತಿ, ಹೆಸರುವಾಸಿ ಕ್ಯಾಸಿನೋದ ಮುದ್ರಿತ ಚೀಟಿ ಅಂಟಿಸುತ್ತಾರೆ. ತೂಕ ಸರಿ, ಅಳತೆ ಸರಿ, ಅಚ್ಚೂ ಸರಿ. ಇಲ್ಲಿ ಉಗುರೇ ಒಳ್ಳೆಯ ಉಪಕರಣ. ಕ್ಲೇ ಭಾಗದಿಂದ ಇನ್‌ಲೇ ಕಡೆಗೆ ಉಗುರನ್ನು ಮೆಲ್ಲಗೆ ಎಳೆಯಿರಿ. ಅಸಲಿಯಲ್ಲಿ ಎರಡೂ ಒಟ್ಟಿಗೆ ಒತ್ತಿದ್ದರಿಂದ ಉಗುರು ಜಾರಿಹೋಗುತ್ತದೆ. ಅಂಟಿಸಿದ್ದರಲ್ಲಿ ಮೆಟ್ಟಿಲು ಸಿಕ್ಕುತ್ತದೆ, ಇಲ್ಲವೇ ಸುತ್ತಲೂ ಕೂದಲೆಳೆಯಷ್ಟು ಕಂದಕ. ಮಸೂರದಲ್ಲಿ ನೋಡಿದರೆ ಚೀಟಿಯ ಬಣ್ಣ ಮನೆಯ ಪ್ರಿಂಟರ್‌ನ ಚುಕ್ಕಿಗಳಾಗಿ ಒಡೆಯಬಹುದು. ಸಣ್ಣ ಅಕ್ಷರಗಳ ಅಂಚು ಹರಿದುಕೊಂಡಿರುತ್ತದೆ.

ಹಾಟ್ ಸ್ಟ್ಯಾಂಪ್‌ನಲ್ಲಿ ಮೋಸ ಇನ್ನೂ ಸುಲಭ. ಹಳೆಯ ಖಾಲಿ ಬಿಲ್ಲೆ, ಒಂದು ಮುದ್ರೆ, ಸ್ವಲ್ಪ ಶಾಖ, ಅಷ್ಟು ಸಾಕು. ಇಲ್ಲಿ ಸವಕಳಿಯನ್ನು ಹೋಲಿಸಬೇಕು. ಬಿಲ್ಲೆಯ ಹೆಣಿಗೆ ಪೂರ್ತಿ ಅಳಿಸಿಹೋಗಿ ಅಂಚು ದುಂಡಗಾಗಿದ್ದರೂ ಚಿನ್ನದ ಅಕ್ಷರ ಮಾತ್ರ ಮಿರಮಿರ ಮಿಂಚುತ್ತಿದ್ದರೆ, ಬಿಲ್ಲೆ ಸವೆದ ಮೇಲೆ ಅಕ್ಷರ ಬಿದ್ದಿದೆ ಎಂದರ್ಥ. ಅಸಲಿಯಲ್ಲಿ ಎರಡೂ ಒಟ್ಟಿಗೆ ಮುಪ್ಪಾಗುತ್ತವೆ.

ಮೂರನೆಯದು ಫ್ಯಾಂಟಸಿ ಚಿಪ್. ಮುಚ್ಚಿದ ಕ್ಯಾಸಿನೋದ ಹೆಸರು ಹಾಕಿ ಈಚೆಗೆ ಮಾಡಿದ, ಎಂದೂ ಆಟದ ಮೇಜು ಕಾಣದ ಬಿಲ್ಲೆ. ಹಾಗೆಂದೇ ಹೇಳಿ ಮಾರಿದರೆ ತಪ್ಪಿಲ್ಲ. ಕೈ ಬದಲಾಗುತ್ತ ಹೋದಂತೆ ಆ ಮಾತು ಉದುರಿಹೋಗುತ್ತದೆ ಅಷ್ಟೆ. ಕ್ಯಾಸಿನೋ ಮುಚ್ಚಿ ದಶಕಗಳಾಗಿದ್ದೂ ಒಂದೇ ಮಾರಾಟಗಾರನ ಬಳಿ ಐದರಿಂದ ಐನೂರರವರೆಗೆ ಎಲ್ಲ ಮುಖಬೆಲೆಯವೂ ಫಳಫಳ ಹೊಸದಾಗಿ ಇದ್ದರೆ ಸಂಶಯಪಡಿ. ತಿರುಗುವ ಚಕ್ರದ ಜೂಜಾದ ರೂಲೆಟ್‌ಗೆ ಬಳಸುವ ಮುಖಬೆಲೆ ಇಲ್ಲದ ಚಿಪ್, ನಗದು ಬೆಲೆ ಇಲ್ಲವೆಂದು ಬರೆದ ಟೂರ್ನಮೆಂಟ್ ಚಿಪ್ ಇವು ಬೇರೆ ಜಾತಿ. ಅಸಲಿಯೇ, ಆದರೆ ಸಾಮಾನ್ಯವಾಗಿ ಕಡಿಮೆ ಬೆಲೆಯವು. ತೂತು ಕೊರೆದ, ಅಂಚಿಗೆ ಕಚ್ಚು ಹಾಕಿದ ಚಿಪ್ ರದ್ದುಮಾಡಿದ್ದು. ಅದರ ಬೆಲೆ ಇಡೀ ಚಿಪ್‌ಗಿಂತ ಕೆಳಗೆ.

ದಾಳಗಳ ಲೆಕ್ಕವೇ ಬೇರೆ

ಚಿಪ್ ಅನ್ನು ಕ್ಯಾಸಿನೋ ಹಿಂದಕ್ಕೆ ಕರೆಯುತ್ತದೆ, ದಾಳವನ್ನು ತಾನೇ ಹೊರಗೆ ಕಳಿಸುತ್ತದೆ. ಕ್ರ್ಯಾಪ್ಸ್ ಎಂಬ ದಾಳದ ಜೂಜಿನ ಮೇಜಿನಲ್ಲಿ ಉರುಳಿಸುವ ದಾಳಗಳ ಅಂಚು ಬೇಗ ಮೊಂಡಾಗುತ್ತದೆ. ಹಾಗಾಗಿ ಅವನ್ನು ಕೆಲವೇ ಗಂಟೆಗಳಿಗೊಮ್ಮೆ, ಹೆಚ್ಚೆಂದರೆ ದಿನಕ್ಕೊಮ್ಮೆ ಬದಲಿಸಿ, ಹಳೆಯವನ್ನು ರದ್ದುಮಾಡಿ ಅಂಗಡಿಯಲ್ಲಿ ಮಾರುತ್ತಾರೆ ಅಥವಾ ಕೊಟ್ಟುಬಿಡುತ್ತಾರೆ. ಆದ್ದರಿಂದ ಮುಚ್ಚಿದ ಕ್ಯಾಸಿನೋದ ದಾಳವೂ ಬಹುಪಾಲು ಅಗ್ಗ. ಹೊಸದಾಗಿ ಹವ್ಯಾಸ ಹಿಡಿದವರಿಗೆ ಇದೇ ಒಳ್ಳೆಯ ಆರಂಭ.

ಅಸಲಿ ಕ್ರ್ಯಾಪ್ಸ್ ದಾಳ ಪ್ರತಿ ಬದಿಗೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಇಂಚಿನ ಎರಡು ಸಾವಿರ ಭಾಗದಲ್ಲಿ ಒಂದು ಭಾಗದಷ್ಟೂ ವ್ಯತ್ಯಾಸ ಬಾರದಂತೆ ಕೊರೆದಿರುತ್ತಾರೆ. ಸೆಲ್ಯುಲೋಸ್ ಅಸಿಟೇಟ್‌ನ ಪಾರದರ್ಶಕ ಗಟ್ಟಿ, ತೂಕ ಸುಮಾರು ಒಂಬತ್ತು ಗ್ರಾಂ. ಚುಕ್ಕಿ ಕೊರೆದ ಕುಳಿಯಲ್ಲಿ ಅಷ್ಟೇ ತೂಕದ ಬಿಳಿ ವಸ್ತು ತುಂಬಿ ಮಟ್ಟಸ ಮಾಡಿರುತ್ತಾರೆ. ಬೆರಳಾಡಿಸಿದರೆ ತಗ್ಗು ಸಿಕ್ಕಬಾರದು. ಅಂಚು ಚೂಪು. ಮುಖದ ಮೇಲೆ ಕ್ಯಾಸಿನೋದ ಹೆಸರು ಮತ್ತು ಸರಣಿ ಸಂಖ್ಯೆ. ಮೂಲೆ ದುಂಡಗಿದ್ದು ಚುಕ್ಕಿ ಗುಳಿಬಿದ್ದಿದ್ದರೆ ಅದು ಉಡುಗೊರೆ ಅಂಗಡಿಯ ಮಾಲು.

ಮೇಜಿಗೆ ಬರುವುದು ಐದರ ಕಟ್ಟು. ಅದರಲ್ಲಿ ಆಟಗಾರ ಎರಡನ್ನು ಆರಿಸುತ್ತಾನೆ. ಐದಕ್ಕೂ ಒಂದೇ ಸರಣಿ ಸಂಖ್ಯೆ. ಬೆಲೆ ಇರುವುದು ಇಲ್ಲಿಯೇ: ಸಂಖ್ಯೆ ಹೊಂದುವ ಜೋಡಿಗೆ ಒಂಟಿ ದಾಳಕ್ಕಿಂತ ಹೆಚ್ಚು, ಹೊಂದುವ ಐದಕ್ಕೆ ಅದಕ್ಕಿಂತ ಹೆಚ್ಚು. ಮಾರುವವರು ಎರಡು ಬೇರೆ ಸಂಖ್ಯೆಯ ದಾಳಗಳನ್ನು ಜೋಡಿ ಎಂದು ಕೊಡುವುದು ಸಾಮಾನ್ಯ. ಫೋಟೋದಲ್ಲಿ ಎರಡೂ ಸಂಖ್ಯೆ ಓದಲು ಬಾರದಿದ್ದರೆ ಕೇಳಿ. ರದ್ದು ಮಾಡಿದ ಗುರುತು ಊರಿಂದೂರಿಗೆ ಬೇರೆ. ಅಟ್ಲಾಂಟಿಕ್ ಸಿಟಿಯವಕ್ಕೆ ತೂತು ಕೊರೆದಿರುತ್ತಾರೆ, ಲಾಸ್ ವೇಗಸ್‌ನವಕ್ಕೆ ಹೆಚ್ಚಾಗಿ ಮುಖದ ಮೇಲೆ ಗೀರು ಅಥವಾ ಸಣ್ಣ ವೃತ್ತ. ದಾಳಕ್ಕೆ ಈ ಗುರುತು ಕುಂದಲ್ಲ, ಮೇಜಿನ ಮೇಲೆ ಆಡಿದ್ದೆಂಬುದಕ್ಕೆ ಪುರಾವೆ.

ಹಳೆಯ ದಾಳಗಳಲ್ಲಿ ಒಂದು ನಿಜವಾದ ಅಪಾಯ ಇದೆ. ಕಳೆದ ಶತಮಾನದ ಮೊದಲರ್ಧದಲ್ಲಿ ದಾಳಗಳನ್ನು ಸೆಲ್ಯುಲೋಸ್ ನೈಟ್ರೇಟ್‌ನಿಂದ, ಅಂದರೆ ಸೆಲ್ಯುಲಾಯ್ಡ್‌ನಿಂದ ಮಾಡುತ್ತಿದ್ದರು. ಅದು ವರ್ಷಗಳುದ್ದಕ್ಕೂ ನಿಧಾನಕ್ಕೆ ಒಡೆಯುತ್ತ ಆಮ್ಲದ ಅನಿಲ ಬಿಡುತ್ತದೆ. ಮೊದಲು ಒಳಗೆ ಕೂದಲು ಬಿರುಕು, ಆಮೇಲೆ ಹರಳುಗಟ್ಟಿದ ಹಾಗೆ ಕಲಕಲು, ಕೊನೆಗೆ ಮುಟ್ಟಿದರೆ ಪುಡಿ. ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ. ಅಸಿಟೇಟ್ ಹಾಳಾದರೆ ವಿನೆಗರ್ ವಾಸನೆ. ಕಾದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಬೇಡವೇ ಬೇಡ, ಸೆಲ್ಯುಲಾಯ್ಡ್ ಧಗ್ಗೆಂದು ಹತ್ತಿಕೊಳ್ಳುತ್ತದೆ. ಬಿರುಕು ಕಂಡ ದಾಳವನ್ನು ಉಳಿದವುಗಳಿಂದ ಅಂದೇ ಬೇರ್ಪಡಿಸಿ. ಜೊತೆಗಿಟ್ಟರೆ ಅದರ ಅನಿಲ ಪಕ್ಕದ ದಾಳವನ್ನೂ ಲೋಹದ ಟೋಕನ್ನನ್ನೂ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ ಹಾಳಾಗುತ್ತದೆ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ, ತಂಪಾದ ಜಾಗದಲ್ಲಿ ಇಡಿ.

ತೊಳೆಯುವುದು, ಇಡುವುದು

ಕೊಳೆ ಕಂಡ ತಕ್ಷಣ ತೊಳೆಯುವ ಆಸೆ ಬರುತ್ತದೆ. ಇನ್‌ಲೇ ಇರುವ ಚಿಪ್ ಅನ್ನು ನೀರಲ್ಲಿ ನೆನೆಹಾಕಿದರೆ ಕಾಗದದ ಅಂಚಿನಿಂದ ನೀರು ಒಳಸೇರಿ ಕಲೆಯಾಗುತ್ತದೆ, ಅದು ಮತ್ತೆ ಹೋಗುವುದಿಲ್ಲ. ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಟೂತ್‌ಬ್ರಷ್‌ನಿಂದ ಕ್ಲೇ ಭಾಗವನ್ನು ಮಾತ್ರ ಕೆಲವು ಕ್ಷಣ ಉಜ್ಜಿ, ತಕ್ಷಣ ಬಟ್ಟೆಯಿಂದ ಒರೆಸಿದರೆ ಸಾಕು. ಹಾಟ್ ಸ್ಟ್ಯಾಂಪ್‌ನ ಅಕ್ಷರದ ಮೇಲೆ ಬ್ರಷ್ ಹಾಯಬಾರದು. ಉಗುರುಬಣ್ಣ ತೆಗೆಯುವ ಅಸಿಟೋನ್ ಚಿಪ್‌ಗೂ ದಾಳಕ್ಕೂ ವಿಷ. ಅಸಿಟೇಟ್ ದಾಳ ಅದರಲ್ಲಿ ಕರಗಿಯೇ ಹೋಗುತ್ತದೆ. ಹೊಳಪು ಬರಲೆಂದು ಎಣ್ಣೆ ಸವರುವವರಿದ್ದಾರೆ. ಫೋಟೋದಲ್ಲಿ ಚಿಪ್ ಹೊಸದಾಗಿ ಕಾಣುತ್ತದೆ, ಆರು ತಿಂಗಳಲ್ಲಿ ಧೂಳು ಹಿಡಿದು ಮೊದಲಿಗಿಂತ ಮಂಕಾಗುತ್ತದೆ. ಕೊಳ್ಳುವಾಗ ಜಿಡ್ಡು ಕೈಗೆ ಹತ್ತಿದರೆ ಏನನ್ನೋ ಮರೆಮಾಚಿದ್ದಾರೆಂದು ತಿಳಿಯಿರಿ.

ಇಡಲು ನಾಣ್ಯದವರು ಬಳಸುವ, ಚಿಪ್‌ನ ವ್ಯಾಸಕ್ಕೆ ಹೊಂದುವ ದುಂಡು ಕ್ಯಾಪ್ಸೂಲ್ ಕೊಳ್ಳಬಹುದು, ಆದರೆ 3.3 ಮಿ.ಮೀ. ದಪ್ಪ ಹಿಡಿಸುತ್ತದೆಯೇ ಎಂದು ಮೊದಲು ಒಂದನ್ನು ತರಿಸಿ ನೋಡಿ. ಕೆಲವು ನಾಣ್ಯಕ್ಕೆಂದೇ ಮಾಡಿದವು, ಮುಚ್ಚಳ ಕೂರುವುದಿಲ್ಲ. ಮೆತ್ತನೆಯ ಪಿವಿಸಿ ಜೇಬುಗಳು ಬೇಡ. ಅದರ ಮೆದುಕಾರಕ ಒಸರಿ ಚಿಪ್‌ಗೆ ಅಂಟಂಟು ಪದರ ಕಟ್ಟುತ್ತದೆ. ಗಡುಸಾದ ಪಾಲಿಯೆಸ್ಟರ್ ಜೇಬು ಸರಿ. ಮಂಗಳೂರು, ಕಾರವಾರ, ಮಡಿಕೇರಿ ಕಡೆಯ ಮನೆಗಳಲ್ಲಿ ಮಳೆಗಾಲದಲ್ಲಿ ಇನ್‌ಲೇಗೆ ಬೂಷ್ಟು ಹಿಡಿಯಬಹುದು. ಚಿಪ್‌ಗಳ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು ತಿಂಗಳಿಗೊಮ್ಮೆ ಬದಲಿಸಿ.

ಕೊಳ್ಳುವ ಮುನ್ನ

ಅಮೆರಿಕದಲ್ಲಿ 1988ರಲ್ಲಿ ಶುರುವಾದ ಸಂಗ್ರಾಹಕರ ಸಂಘ ಇದೆ. ಈಗ ಅದರ ಹೆಸರು ಕ್ಯಾಸಿನೋ ಕಲೆಕ್ಟಿಬಲ್ಸ್ ಅಸೋಸಿಯೇಷನ್. ಲಾಸ್ ವೇಗಸ್‌ನಲ್ಲಿ ಅವರು ನಡೆಸುವ ಮೇಳದಲ್ಲಿ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು. ಅಲ್ಲಿರುವ ಕನ್ನಡಿಗರಿಗೆ ಇದು ಆನ್‌ಲೈನ್ ಹರಾಜಿಗಿಂತ ಸಾವಿರ ಪಾಲು ಮೇಲು. ಊರಲ್ಲಿ ಕೂತು ತರಿಸುವುದಾದರೆ ಸಾಗಣೆ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಮೂರು ಡಾಲರಿಗೆ ಕೊಂಡ ಚಿಪ್‌ಗೆ ಅದರ ಎಷ್ಟೋ ಪಟ್ಟು ಬೀಳಬಹುದು. ಆದ್ದರಿಂದ ಒಂದೊಂದಾಗಿ ತರಿಸದೆ ಒಬ್ಬನೇ ಮಾರಾಟಗಾರನಿಂದ ಹತ್ತಿಪ್ಪತ್ತು ಒಟ್ಟಿಗೆ ತರಿಸಿ. ಪಾರ್ಸೆಲ್ಲಿನ ಹೊರಗಿನ ಚೀಟಿಯಲ್ಲಿ ಬಳಕೆಯಲ್ಲಿಲ್ಲದ ಸಂಗ್ರಹದ ಬಿಲ್ಲೆ ಎಂದು ಬರೆದು, ಕೊಟ್ಟ ಬೆಲೆಯನ್ನೇ ನಮೂದಿಸಲು ಹೇಳಿ. ಮುಖಬೆಲೆ ಬರೆದರೆ ನೂರು ಡಾಲರ್ ಚಿಪ್ ಅನ್ನು ಹಣವೆಂದು ತಿಳಿದು ತಡೆಯುವ ಸಾಧ್ಯತೆ ಇದೆ.

ಇನ್ನೂ ಗಡುವು ಮುಗಿಯದ ಚಿಪ್ ಅನ್ನು ಮುಖಬೆಲೆಗೆ ಕೊಂಡರೆ ನಷ್ಟವಿಲ್ಲ, ಬೇಕಾದರೆ ನಗದು ಮಾಡಿಕೊಳ್ಳಬಹುದು ಎಂದು ಲೆಕ್ಕ ಹಾಕುವವರು ಒಂದು ವಿಷಯ ಮರೆಯುತ್ತಾರೆ. ನೆವಾಡಾದ ಕ್ಯಾಸಿನೋಗಳು ದುಡ್ಡು ಕೊಡಬೇಕಾದ್ದು ತಮ್ಮಲ್ಲಿ ಆಡಿದ ಗಿರಾಕಿಗೆ. ಹೊರಗಿನವರಿಂದ ಕೊಂಡು ತಂದದ್ದೆಂದು ಗೊತ್ತಾದರೆ ಕೌಂಟರಿನಲ್ಲೇ ನಿರಾಕರಿಸುತ್ತಾರೆ, ಚಿಪ್ ದೊಡ್ಡದಾದಷ್ಟೂ ಪ್ರಶ್ನೆ ಹೆಚ್ಚು.

ಕೊಂಡ ದಿನವೇ ಒಂದು ಚೀಟಿ ಬರೆದಿಡಿ: ಕ್ಯಾಸಿನೋ, ಊರು, ಮುಖಬೆಲೆ, ಅಚ್ಚು, ತೂಕ, ಯಾರಿಂದ, ಎಷ್ಟಕ್ಕೆ. ಎರಡೂ ಮುಖದ ಜೊತೆಗೆ ಅಂಚಿನ ಫೋಟೋವನ್ನೂ ತೆಗೆದಿಡಿ. ಅಂಚಿನ ಬಣ್ಣದ ತುಂಡುಗಳ ಸಂಖ್ಯೆ ಮತ್ತು ಅಂತರದಿಂದಲೇ ಒಂದು ಕ್ಯಾಸಿನೋದ ಎರಡು ಮುದ್ರಣಗಳನ್ನು ಬೇರೆ ಮಾಡುವುದು. ಅಗ್ಗದ ಮುದ್ರಣ ಎಂದುಕೊಂಡಿದ್ದು ಎಷ್ಟೋ ಸಲ ಅಲ್ಲಿಯೇ ಬೇರೆಯಾಗಿ ಕಾಣುತ್ತದೆ.